ಕಾಕಂಬಿ ತಿಂಗಳಲ್ಲಿ ಪೇರ್ ಡ್ರಾಪ್ ವಾಸನೆ

ಅಕ್ಟೋಬರ್ 1, ಮಂಗಳವಾರ

ಇವತ್ತಿನಿಂದ ಕಾಕಂಬಿ ತಿಂಗಳು. ಬೆಳಿಗ್ಗೆಯೇ ಪೇರ್ ಡ್ರಾಪ್ ಮಿಠಾಯಿಗೆ ಹಾಕುವ ಎಸೆನ್ಸಿನ ಬಾಟಲಿಯನ್ನು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡೆ. ಅಪ್ಪನ ಕಾಲದ ಕಟ್ಟಲೆ ಇದು. ಅಕ್ಟೋಬರ್ ಹುಟ್ಟಿತೆಂದರೆ ಊರೆಲ್ಲ ಬಯಲಲ್ಲಿ ಬೆಂಕಿ ಹಾಕಿ ಕುಣಿಯುವ ನವೆಂಬರ್ ಐದರ ಬೆಂಕಿರಾತ್ರಿ ಕಳೆಯುವವರೆಗೂ ಬೂತ್ರಾಯ್ಡ್ ಮನೆಯವರ ಒಲೆಯ ಮೇಲೆ ಕಾಕಂಬಿ ಟಾಫಿ ಬಿಟ್ಟರೆ ಇನ್ನೊಂದು ಏರುವುದಿಲ್ಲ. ಆ ಎಸೆನ್ಸ್ ಬಲು ಹಟಮಾರಿ. ಒಂದು ಹನಿ ಚೆಲ್ಲಿದರೂ ಕೊಪ್ಪರಿಗೆಗೆ ಕೊಪ್ಪರಿಗೆ ಟಾಫಿ ಮರಸೇಬಿನ ನಾತ ಹೊಡೆಯುತ್ತದೆ. ಊರಿನ ಮಕ್ಕಳು ಬೆಂಕಿಯ ಮುಂದೆ ನಿಂತು ಥೂ ಎಂದು ಉಗಿಯುತ್ತಾರೆ.

ನನ್ನ ತಮ್ಮ ವಿಲ್ಫ್ ಜಾಡಿಗಳನ್ನು ಬಿಸಿನೀರಿನಲ್ಲಿ ತೊಳೆದಿಟ್ಟ. ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಗೇ ಬಂದು ಸೇರಿಕೊಂಡವನು. ಕೆಲಸದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಪೇರ್ ಡ್ರಾಪ್ ಮಾಡಲು ಎರಡು ಜೊತೆ ಕೈ ಬೇಕು, ಒಬ್ಬರು ಹಳದಿ ಪಾಕ ಹಿಡಿಯಬೇಕು, ಇನ್ನೊಬ್ಬರು ಗುಲಾಬಿ. ಎರಡೂ ಬಿಸಿಯಿರುವಾಗಲೇ ಅಂಟಿಸಿ ಉರುಳೆಗೆ ಕೊಡಬೇಕು. ನಾನು ಹಳದಿ, ಅವನು ಗುಲಾಬಿ. ಈ ಊರಲ್ಲಿ ಆ ಹದ ಬಲ್ಲವರು ನಾವಿಬ್ಬರೇ.

ಮಧ್ಯಾಹ್ನ ಆ ಹುಲ್ಲುಹ್ಯಾಟಿನವಳು ಬಂದಳು, ಪಿಪ್ಪಾ. ನಮ್ಮ ಮಳಿಗೆಯಿರುವ ಮಾರುಕಟ್ಟೆಯ ಬಾಗಿಲ ಎದುರಿಗೇ 'ಬಾಲ್ಯದ ಪೊಟ್ಟಣ' ಅಂತ ಅಂಗಡಿ ತೆರೆದಿದ್ದಾಳೆ. ತೆಂಕಣ ಕಡೆಯವಳು. ಕೆಲಸದ ಹುಡುಗಿಯರಿಗೆಲ್ಲ ಪಟ್ಟೆ ಏಪ್ರನ್ನು, ಪೆಪ್ಪರ್‌ಮಿಂಟಿಗೆಲ್ಲ ರಿಬ್ಬನ್ನು.

"ಬೂತ್ರಾಯ್ಡ್ ಅವರೇ, ನಿಮ್ಮ ಪೇರ್ ಡ್ರಾಪ್ ಬಾಯಿಗಿಟ್ಟ ತಕ್ಷಣ ಜನ ಕಣ್ಣು ಮುಚ್ಕೋತಾರೆ. ನಾನೇ ನೋಡಿದೀನಿ. ಆ ಪಾಕ ನಮಗೂ ಹೇಳ್ಕೊಡಿ. ನಿಮ್ಮ ಹೆಸರಲ್ಲೇ ಮಾರ್ತೀವಿ."

"ಕಣ್ಣು ಮುಚ್ಕೊಳ್ಳೋದು ಹುಳಿಗೆ ಕಣಮ್ಮ. ನೆನಪಿಗೂ ಅಲ್ಲ, ಗಿನಪಿಗೂ ಅಲ್ಲ. ದಾರಿ ಬಿಡು, ಗಿರಾಕಿ ನಿಂತಿದಾರೆ."

ಗಿರಾಕಿ ಯಾರೂ ಇರಲಿಲ್ಲ. ಅವಳು ಹೋದ ಮೇಲೆ ವಿಲ್ಫ್ ಗೊಣಗಿದ.

"ಅವಳ ಮಾತಾದ್ರೂ ಪೂರ್ತಿ ಕೇಳ್ಬೋದಿತ್ತಕ್ಕ. ನಿಂಗೆ ಎಪ್ಪತ್ಮೂರು. ನನ್ನ ಮಂಡಿ ನೋಡಿದ್ರೆ ಹೀಗೆ. ನಾವು ಸತ್ಮೇಲೆ ಇದನ್ನ ಯಾರು ಮಾಡ್ತಾರೆ?"

"ಸತ್ಮೇಲೆ ಯಾರೂ ಮಾಡೋದ್ ಬೇಡ."

ಅವನು ಬಾಗಿಲ ಕಡೆ ನೋಡುತ್ತಾ ನಿಂತಿದ್ದ. ನೋಡಲಿ. ನಾನೂ ನೋಡಿಕೊಂಡಿದ್ದೇನೆ.

ಅಕ್ಟೋಬರ್ 9, ಬುಧವಾರ

ವಿಲ್ಫ್ ಏನೋ ನಡೆಸಿದ್ದಾನೆ.

ಕೊಪ್ಪರಿಗೆ ಬೆಂಕಿಯ ಮೇಲಿರುವಾಗ ಬಿಟ್ಟು ಹೋಗಬಾರದೆಂದು ಎಂಟು ವರ್ಷದವನಾಗಿದ್ದಾಗಲೇ ಕಲಿತವನು ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ಎದ್ದು ಹೋದನೋ. ಕೇಳಿದರೆ "ಇಲ್ಲೇ ಹೋಗಿದ್ದೆ" ಅನ್ನುತ್ತಾನೆ. ಎಲ್ಲಿ ಇಲ್ಲೇ? ಮಾರುಕಟ್ಟೆಯ ಕಕ್ಕಸಿಗೆ ರಿಪೇರಿ ಎಂದು ಬೀಗ ಹಾಕಿ ತಿಂಗಳಾಯಿತು. ನಾವೆಲ್ಲ ಮಧ್ಯಾಹ್ನದವರೆಗೆ ತಡೆದುಕೊಂಡು ಬಸ್‌ನಿಲ್ದಾಣಕ್ಕೆ ಹೋಗಿ ಬರುತ್ತೇವೆ. ಅವನು ಹೋಗುವುದು ಆ ದಿಕ್ಕಿಗಲ್ಲ.

ಪಕ್ಕದ ಮಳಿಗೆಯಲ್ಲಿ ಬೋಟಿ ಮಾರುವ ಮ್ಯೂರಿಯಲ್‌ಗೆ ನೋಡಿಕೊಂಡಿರಲು ಹೇಳಿದೆ. ಅವಳ ಕಣ್ಣಿಗೆ ಬೀಳದ್ದು ಈ ಊರಲ್ಲಿ ನಡೆಯುವುದಿಲ್ಲ.

ಅಕ್ಟೋಬರ್ 12, ಶನಿವಾರ

ಎಲ್ಲಿಂದಲೋ ಎರಡು ಬಸ್ಸು ಬದಲಿಸಿಕೊಂಡು ಒಬ್ಬ ಮುದುಕ ಬಂದಿದ್ದ. ಪೇರ್ ಡ್ರಾಪ್ ಬೇಕಂತೆ. ಕಾಕಂಬಿ ತಿಂಗಳಲ್ಲಿ ಇಲ್ಲ ಎಂದೆ. ಎದುರಿನ ಅಂಗಡಿಯಲ್ಲಿ ಕೊಂಡು ನೋಡಿದನಂತೆ, ಬಣ್ಣ ಇದೆ, ಆಕಾರ ಇದೆ, ಒಳಗೆ ಏನೂ ಇಲ್ಲವಂತೆ. ನನ್ನ ಎದೆಗೆ ಹಾಲೆರೆದ ಹಾಗಾಯಿತು. ಆದರೂ ಇಲ್ಲ ಎಂದರೆ ಇಲ್ಲ.

"ಆ ಖಾಲಿ ಜಾಡಿ ಮುಚ್ಚಳನಾದ್ರೂ ಒಂದ್ಸಲ ಮೂಸ್ಲಾ ತಾಯಿ?" ಅಂದ.

ಜಾಡಿ ತೊಳೆದರೂ ಮುಚ್ಚಳದ ಬಿರಡೆಯಲ್ಲಿ ವಾಸನೆ ನಿಂತಿರುತ್ತದೆ. ಕೊಟ್ಟೆ. ಮೂಗಿಗೆ ಹಿಡಿದುಕೊಂಡ. ಸ್ಕೂಲಿನ ಚೀಲ, ಒದ್ದೆ ಉಣ್ಣೆ ಕೋಟು, ಶುಕ್ರವಾರದ ಮಿಠಾಯಿ ಪೊಟ್ಟಣ, ಅಣ್ಣನ ಜೊತೆ ಜಗಳ ಎಂದು ಏನೇನೋ ಹೇಳಿದ. ಅಣ್ಣ ಹೋಗಿ ಬಹಳ ಕಾಲವಾಯಿತಂತೆ.

"ಮೂಸಿದ್ದಾಯ್ತಲ್ಲ, ಕೊಡು," ಎಂದು ವಾಪಸು ತೆಗೆದುಕೊಂಡೆ. ಮುದುಕರು ಅಂಗಡಿಯ ಮುಂದೆ ಅಳುವುದು ನನಗಾಗುವುದಿಲ್ಲ.

ಇದನ್ನೇ ಆ ಹ್ಯಾಟಿನವಳು ರಿಬ್ಬನ್ನು ಕಟ್ಟಿ ಮಾರುವುದು.

ಅಕ್ಟೋಬರ್ 17, ಗುರುವಾರ

ಮ್ಯೂರಿಯಲ್ ಹಿಡಿದುಬಿಟ್ಟಳು. ಬೋಟಿ ತೊಳೆದ ಕೈಯನ್ನು ಒರೆಸಿಕೊಳ್ಳುತ್ತಾ ಬಂದು ಕಿವಿಯಲ್ಲಿ ಹೇಳಿದಳು.

"ನಿನ್ನ ತಮ್ಮ ಹೋಗೋದೆಲ್ಲಿಗೆ ಗೊತ್ತೇನೇ? ಬಾಲ್ಯದ ಪೊಟ್ಟಣಕ್ಕೆ! ನೆಟ್ಟಗೆ ಒಳಗ್ ಹೋಗ್ತಾನೆ, ಸ್ವಲ್ಪ ಹೊತ್ತಾದ್ಮೇಲೆ ಬರ್ತಾನೆ. ಕೈಲಿ ಒಂದು ಪೊಟ್ಟಣಾನೂ ಇರಲ್ಲ. ಅತ್ತ ಇತ್ತ ನೋಡ್ಕೊಂಡು ಬರ್ತಾನೆ ಕಣೇ, ಹೆಂಡತಿ ಕಣ್ತಪ್ಪಿಸಿ ಹೋದೋನ ಹಾಗೆ."

"ಅವನ ಹೆಂಡತಿ ಸತ್ತು ಆರು ವರ್ಷ ಆಯ್ತು."

"ಅದಕ್ಕೇ ಹೇಳ್ತಿರೋದು. ಕಣ್ತಪ್ಪಿಸ್ತಿರೋದು ನಿಂದು."

ಈಗ ಎಲ್ಲ ಕೂಡಿಬರುತ್ತಿದೆ. ಅವನು ಬಡವಾಗುತ್ತಿದ್ದಾನೆ. ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಂಡಿದ್ದಾನೆ. ತಿನ್ನುವುದರಲ್ಲಿ ಕಡಿಮೆಯಿಲ್ಲ, ನನ್ನ ತಟ್ಟೆಯ ಆಲೂಗಡ್ಡೆಗೂ ಕೈ ಹಾಕುತ್ತಾನೆ. ಇಷ್ಟು ತಿಂದೂ ಮೈ ಇಳಿಯುತ್ತದೆಂದರೆ ಎಲ್ಲೋ ಬೇರೆ ಬೆಂಕಿಯ ಮುಂದೆ ಮೈಮುರಿದು ದುಡಿಯುತ್ತಿದ್ದಾನೆ ಎಂದೇ ಅರ್ಥ. ನೀರಂತೂ ಎತ್ತು ಕುಡಿದ ಹಾಗೆ ಕುಡಿಯುತ್ತಾನೆ. ಒಲೆಯ ಮುಂದೆ ಹೆಚ್ಚು ಹೊತ್ತು ನಿಂತವನಿಗೆ ಹಾಗಾಗುವುದು ನನಗೆ ಗೊತ್ತಿಲ್ಲವೇ? ಮಧ್ಯಾಹ್ನ ಸಕ್ಕರೆ ಮೂಟೆಗೆ ಒರಗಿ ನಿದ್ದೆ ಹೊಡೆಯುತ್ತಾನೆ. ಎರಡು ಕಡೆ ಚಾಕರಿ ಮಾಡುವವನ ಲಕ್ಷಣ.

ಅಕ್ಟೋಬರ್ 24, ಗುರುವಾರ

ಸಿಕ್ಕಿಬಿದ್ದ.

ಬೆಳಿಗ್ಗೆ ಅಡುಗೆಮನೆಯಲ್ಲಿ ಓಟ್ಸ್ ಗಂಜಿ ಬಡಿಸಲು ಅವನ ಪಕ್ಕ ಬಗ್ಗಿದೆ. "ಸಾಕಕ್ಕ" ಎಂದ. ಅಷ್ಟೇ. ಅವನ ಬಾಯಿಂದ ಪೇರ್ ಡ್ರಾಪ್ ವಾಸನೆ ಬಂತು.

ನನ್ನ ಮೂಗಿಗೆ ಯಾರ ಸಾಕ್ಷಿಯೂ ಬೇಡ. ಹದಿನೈದನೇ ವಯಸ್ಸಿನಿಂದ ಆ ವಾಸನೆಯಲ್ಲೇ ಬದುಕಿದ್ದೇನೆ. ನಮ್ಮ ಬಾಟಲಿ ಬೀರುವಿನಲ್ಲಿದೆ, ಕೀಲಿ ನನ್ನ ಕೊರಳಲ್ಲಿದೆ. ಅನುಮಾನ ಬೇಡವೆಂದು ಆ ಜಾಡಿ ಮುಚ್ಚಳವನ್ನೂ ಬೀರುವಿಗೆ ಹಾಕಿ ಬೀಗ ಜಡಿದಿದ್ದೇನೆ. ಹಾಗಾದರೆ ಅವನ ಉಸಿರಿಗೆ ಅದು ಬಂದದ್ದೆಲ್ಲಿಂದ? ಆ ಹ್ಯಾಟಿನವಳ ಹಿತ್ತಲ ಕೋಣೆಯಲ್ಲಿ ಪಾಕ ಕಾಯಿಸಿ, ಹದ ನೋಡಲು ಬಾಯಿಗೆ ಹಾಕಿಕೊಂಡು ಬಂದಿದ್ದಾನೆ. ಗುಲಾಬಿ ಅವನ ಕೈಯಲ್ಲಿತ್ತು. ಈಗ ನನ್ನ ಹಳದಿಯನ್ನೂ ಅವಳಿಗೆ ಕಲಿಸುತ್ತಿದ್ದಾನೆ.

ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ಬೇರೆ. ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಅಪ್ಪ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ಅಪ್ಪನ ಉಸಿರೂ ಹೀಗೇ ಇತ್ತು. ಕಡೆಯ ದಿನಗಳಲ್ಲಿ ಹಾಸಿಗೆ ಹಿಡಿದು, ಒಲೆಯ ಕಡೆ ತಲೆಯನ್ನೂ ಹಾಕದೆ ಮಲಗಿದ್ದರೂ ಬಾಯಲ್ಲಿ ಅದೇ ವಾಸನೆ. ನೋಡಲು ಬಂದವರಿಗೆಲ್ಲ ಅಮ್ಮ ಹೇಳುತ್ತಿದ್ದಳು, "ಕಸುಬು ರಕ್ತಕ್ಕೇ ಇಳಿದಿದೆ ನೋಡ್ರಿ ಇವರಿಗೆ." ಇವತ್ತಿಗೂ ಹಳೆಯ ಗಿರಾಕಿಗಳು ಅದನ್ನು ಹೇಳಿಕೊಂಡು ತಿರುಗುತ್ತಾರೆ. ಅಪ್ಪ ತೀರಿಕೊಂಡ ವಾರವೇ ನಾನು ಸ್ಕೂಲು ಬಿಟ್ಟು ಕೊಪ್ಪರಿಗೆಯ ಮುಂದೆ ನಿಂತೆ.

ಆ ವಾಸನೆಯನ್ನು ಇವನು ಮಾರಿಕೊಂಡ.

ಅಕ್ಟೋಬರ್ 26, ಶನಿವಾರ

ಮ್ಯೂರಿಯಲ್‌ಳನ್ನು ಕರೆದು, ನೆಪ ಹುಡುಕಿ ಅವನ ಹತ್ತಿರ ಹೋಗಿ ಮೂಸಿ ಬಾ ಎಂದೆ. ಅವಳು ಅವನ ಕಾಲರಿನ ಮೇಲೆ ಏನೋ ಕೂತಿದೆ ಎಂದು ಮುಖದ ಹತ್ತಿರ ಮುಖ ಒಯ್ದಳು. ವಿಲ್ಫ್ ಬೆಚ್ಚಿಬಿದ್ದ.

"ಏನ್ ಮ್ಯೂರಿಯಲ್, ಈ ವಯಸ್ಸಲ್ಲಿ ಮುತ್ತಾ?"

"ಅಯ್ಯೋ ನಿನ್ನ ಮೂತಿಗೆ! ಬೋಟಿಗೇ ಕೊಡ್ತೀನಿ ಹೋಗೋ."

ಬಂದು ನನಗೆ ಹೇಳಿದಳು, "ಏನೂ ಇಲ್ಲ ಕಣೇ. ಬರೀ ಮುದುಕನ ವಾಸನೆ. ನಿನ್ನ ಮೂಗಿಗೇ ಹುಚ್ಚು ಹಿಡಿದಿದೆ."

"ನಿನ್ನ ಮೂಗು ಬೋಟಿ ಮೂಸಿ ಮೂಸಿ ಸತ್ತುಹೋಗಿದೆ."

"ಸತ್ತಿರೋ ಮೂಗಾದ್ರೂ ತಮ್ಮನ ಮೇಲೆ ಚಾಡಿ ಹೇಳಲ್ಲ."

ಇವಳನ್ನೂ ಅವನೇ ಒಳಗೆ ಹಾಕಿಕೊಂಡಿದ್ದಾನೋ ಏನೋ. ಹಿಡಿದುಕೊಟ್ಟವಳೇ ಈಗ ಬಿಡಿಸಲು ನೋಡುತ್ತಾಳೆ.

ಅಕ್ಟೋಬರ್ 28, ಸೋಮವಾರ

ಇವತ್ತು ನಾನೇ ಹಿಂದೆ ಹೋದೆ. ಅವನು ನಡೆಯುತ್ತಿರಲಿಲ್ಲ, ಓಡುತ್ತಿದ್ದ. ಮಂಡಿ ನೋವಿನವನಿಗೆ ಇಷ್ಟು ಆತುರ! ಬಾಲ್ಯದ ಪೊಟ್ಟಣದ ಬಾಗಿಲು ತಳ್ಳಿದ, ಆ ಪಿಪ್ಪಾ ಮಾತೂ ಆಡದೆ ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. ಅವನು ಒಳಗೆ ಹೋದ. ತನ್ನದೇ ಮನೆಯ ಹಾಗೆ.

ಕಿಟಕಿಯ ಹೊರಗೆ ನಿಂತಿದ್ದೆ. ಗಾಜಿನೊಳಗೆ ಜಾಡಿ ಸಾಲು, ಅದರಲ್ಲಿ ಅವಳ ಸತ್ತ ಪೇರ್ ಡ್ರಾಪ್. ಹೋಗಿ ಜುಟ್ಟು ಹಿಡಿದು ಎಳೆದು ತರುತ್ತಿದ್ದೆ, ಆದರೆ ಬೆಂಕಿರಾತ್ರಿಗೆ ಮುಂಚೆ ಅವನ ಕೈ ನನಗೆ ಬೇಕು. ಹಬ್ಬ ಕಳೆಯಲಿ.

ಸಂಜೆ ಊಟಕ್ಕೆ ಕೂತಾಗ ಕೇಳಿದೆ, "ಇವತ್ತೆಲ್ಲಿಗೆ ಹೋಗಿದ್ದೆ?"

"ಗಾಳಿ ತಗೊಳ್ಳೋಕೆ."

"ಗಾಳಿ ಸಿಹಿಯಾಗಿತ್ತಾ?"

ಅವನ ಕಿವಿ ಕೆಂಪಾಯಿತು. ನನ್ನ ಮುಖ ನೋಡಲಿಲ್ಲ. ತಪ್ಪಿತಸ್ಥನ ಕಿವಿ ಅದು, ಚಿಕ್ಕವನಿದ್ದಾಗಿನಿಂದ ಬಲ್ಲೆ.

ಅಕ್ಟೋಬರ್ 30, ಬುಧವಾರ

ಮಳಿಗೆಯ ಹಿಂದಿನ ಪಾಕದ ಕೋಣೆಗೆ ಹೊಸ ಬೀಗ ಹಾಕಿಸಿದೆ. ಬೆಳಿಗ್ಗೆ ಅವನು ತನ್ನ ಕೀಲಿ ತೂರಿಸಿ ತಿರುವುತ್ತಾ ನಿಂತ.

"ಅಕ್ಕಾ, ತಿರುಗ್ತಿಲ್ಲ."

"ತಿರುಗಲ್ಲ."

ಯಾಕೆ ಎಂದು ಕೇಳುತ್ತಾನೆ ಎಂದುಕೊಂಡಿದ್ದೆ. ಉತ್ತರ ಸಿದ್ಧವಾಗಿತ್ತು. ಅವನು ಕೇಳಲಿಲ್ಲ. ಕೀಲಿಯನ್ನು ನೋಡಿದ, ನನ್ನನ್ನು ನೋಡಿದ, ಕೀಲಿಯನ್ನು ತಕ್ಕಡಿಯ ಪಕ್ಕದಲ್ಲಿಟ್ಟು, ಗೋಡೆ ಹಿಡಿದುಕೊಂಡು ಕೂತ. ತುಟಿ ಒಡೆದಿತ್ತು.

"ಒಂದ್ ಲೋಟ ನೀರು ಕೊಡಕ್ಕ."

"ಕೊಳಾಯಿ ಅಲ್ಲೇ ಇದೆ."

ಬಗ್ಗಿ ಕೊಳಾಯಿಗೇ ಬಾಯಿಟ್ಟು ಕುಡಿದ. ಮೂವತ್ತು ವರ್ಷ ಇಟ್ಟುಕೊಂಡಿದ್ದ ಕೀಲಿಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟನೆಂದರೆ ಅಲ್ಲಿ ಇನ್ನೊಂದು ಕೀಲಿ ಸಿಕ್ಕಿದೆ ಎಂದಾಯಿತು.

ನವೆಂಬರ್ 3, ಭಾನುವಾರ

ನಿನ್ನೆಯದನ್ನು ಬರೆಯಬೇಕು.

ಬೆಂಕಿರಾತ್ರಿಯ ಹಿಂದಿನ ಶನಿವಾರ, ಜನ ಸಾಲುಗಟ್ಟಿದ್ದರು. ಟಾಫಿ ಹಲಗೆಯನ್ನು ಸುತ್ತಿಗೆಯಿಂದ ಒಡೆದು ತೂಗಬೇಕು. ವಿಲ್ಫ್ ಸುತ್ತಿಗೆ ಎತ್ತಿದವನು ಹಾಗೇ ಇಳಿಸಿದ. ಹೊಟ್ಟೆ ಹಿಡಿದುಕೊಂಡು ಹಿಂದೆ ಹೋಗಿ ಬಕೀಟಿಗೆ ವಾಂತಿ ಮಾಡಿದ. ವಾಪಸು ಬಂದಾಗ ಬೆಟ್ಟ ಹತ್ತಿದವನ ಹಾಗೆ ಆಳವಾಗಿ, ದೊಡ್ಡದಾಗಿ ಉಸಿರೆಳೆಯುತ್ತಿದ್ದ. ಪ್ರತಿ ಉಸಿರಿಗೂ ಪೇರ್ ಡ್ರಾಪ್. ಕಾಕಂಬಿಯ ಘಾಟನ್ನೂ ಮೀರಿ ಬರುತ್ತಿತ್ತು. ನನ್ನ ತಲೆ ಕೆಟ್ಟಿತು.

"ಥೂ, ದ್ರೋಹಿ ಜೂದಾಸ! ನನ್ನ ಮುಂದೆ ಆ ವಾಸನೆ ಬಿಡೋಕೆ ನಾಚಿಕೆ ಆಗಲ್ವಾ ನಿಂಗೆ? ಅಪ್ಪನ ಪಾಕಾನ ಆ ಹ್ಯಾಟಿನವಳಿಗೆ ಮಾರಿ ಬಂದು ಇಲ್ಲಿ ನಾಟಕ ಆಡ್ತೀಯಾ?" ಸಾಲಿನಲ್ಲಿದ್ದವರೆಲ್ಲ ಕೇಳಿದರು. ಕೇಳಲಿ ಎಂದೇ ಕೂಗಿದ್ದು.

ಅವನು ನನ್ನನ್ನೇ ನೋಡಿದ. ಯಾರೋ ಬೇರೆ ಊರಿನವಳನ್ನು ನೋಡಿದ ಹಾಗೆ. "ಏನ್ ಪಾಕ?" ಅಂದ. ಆಮೇಲೆ ಸಕ್ಕರೆ ಮೂಟೆಯ ಮೇಲೆ ಕುಸಿದ.

"ಕುಡಿದಿದಾನೆ," ಅಂದೆ.

"ಬಾಯ್ಮುಚ್ಚೇ ಆಲ್ಮಾ! ಮುಖ ನೋಡೇ ಅವನ್ದು!" ಮ್ಯೂರಿಯಲ್ ಬೋಟಿ ಕತ್ತಿ ಎಸೆದು ಓಡಿಬಂದಳು. ಆಂಬ್ಯುಲೆನ್ಸಿಗೆ ಫೋನ್ ಮಾಡಿದವಳೂ ಅವಳೇ.

ಹಸಿರು ಸಮವಸ್ತ್ರದ ಒಬ್ಬ ಹೆಂಗಸು, ಒಬ್ಬ ಗಂಡಸು ಬಂದರು. ಎಷ್ಟು ಹೊತ್ತಿಂದ ಹೀಗೆ ಉಸಿರಾಡುತ್ತಿದ್ದಾರೆ ಎಂದು ಅವಳು ಕೇಳಿದಳು. ನಾನು ಇನ್ನೂ ಅದೇ ಸಿಟ್ಟಿನಲ್ಲಿದ್ದೆ.

"ಉಸಿರು ಹಾಗಿರ್ಲಿ, ಅವನ ಬಾಯಿ ಮೂಸಿ ನೋಡಮ್ಮ ಮೊದ್ಲು. ಎಲ್ಲಿ ಕದ್ದು ಪೇರ್ ಡ್ರಾಪ್ ಕಾಯಿಸ್ತಿದಾನೆ ಅಂತ ನೀನೇ ಕೇಳು."

ಅವಳ ಕೈ ನಿಂತಿತು.

"ಏನಂದ್ರಿ? ಪೇರ್ ಡ್ರಾಪ್ ವಾಸನೆನಾ? ಎಷ್ಟು ದಿನದಿಂದ?"

"ವಾರದ ಮೇಲಾಯ್ತು."

"ನೀರು ಜಾಸ್ತಿ ಕುಡೀತಿದ್ರಾ? ಬಡವಾಗಿದಾರಾ?"

"ಹೂಂ."

ಅವಳು ಬಗ್ಗಿ ಮೂಸಿದಳು. ಜೊತೆಯವನಿಗೆ, "ಈ ವಾಸನೆ ನಿಂಗ್ ಬರಲ್ಲ, ನಂಗ್ ಬರುತ್ತೆ. ಬೇಗ," ಅಂದಳು. ವಿಲ್ಫ್‌ನ ಬೆರಳು ಚುಚ್ಚಿ ಒಂದು ಹನಿಯನ್ನು ಸಣ್ಣ ಯಂತ್ರಕ್ಕೆ ಕೊಟ್ಟಳು. ಅದು ಸಂಖ್ಯೆ ತೋರಿಸಲಿಲ್ಲ. ಅಳತೆ ಮೀರಿದೆಯಂತೆ.

"ಇದು ಮಿಠಾಯಿ ವಾಸನೆ ಅಲ್ಲಮ್ಮಾ. ಸಕ್ಕರೆ ಕಾಯಿಲೆ, ತುಂಬ ಮುಂದೆ ಹೋಗಿದೆ. ಸಕ್ಕರೆ ಉರಿಸೋಕಾಗ್ದೆ ಮೈ ತನ್ನ ಕೊಬ್ಬನ್ನೇ ಉರಿಸ್ತಿದೆ. ಆಗ ಬರೋ ವಾಸನೆ ಇದು. ಕೆಲವ್ರ ಮೂಗಿಗೆ ತಿಳಿಯುತ್ತೆ, ಕೆಲವ್ರಿಗಿಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು."

ನಾನು ಹೇಳಿದ್ದಲ್ಲ. ದೂರು ಕೊಟ್ಟದ್ದು.

ಆಸ್ಪತ್ರೆಯಲ್ಲಿದ್ದಾನೆ, ಇನ್ನೂ ಎಚ್ಚರ ಬಂದಿಲ್ಲ.

ನವೆಂಬರ್ 4, ಸೋಮವಾರ

ಹಾಗೇ ಇದ್ದಾನೆ. ಎರಡೂ ತೋಳಿಗೆ ನಳಿಗೆ. ಉಸಿರಿನ ಸದ್ದು ಕಡಿಮೆಯಾಗಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಕೇಳಲಿಲ್ಲ.

ಆ ಪಿಪ್ಪಾ ಆಸ್ಪತ್ರೆಗೆ ಬಂದಳು, ಹ್ಯಾಟಿಲ್ಲದೆ. ಗುರುತೇ ಸಿಗಲಿಲ್ಲ. ನೋಡಿದರೆ ಇನ್ನೂ ಚಿಕ್ಕವಳು.

"ಇವನು ನಿನ್ನ ಹಿಂದಿನ ಕೋಣೇಲಿ ಏನ್ ಮಾಡ್ತಿದ್ದ?" ಅಂದೆ.

ಅವಳು ತಬ್ಬಿಬ್ಬಾದಳು. "ಕಕ್ಕಸಿಗೆ ಬರ್ತಿದ್ರು. ಮಾರ್ಕೆಟ್‌ದು ಬೀಗ ಹಾಕಿದೆಯಲ್ಲ? ಬಸ್‌ನಿಲ್ದಾಣದ ತನಕ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಪಾಪ, ಪ್ರತಿ ಸಲಾನೂ ಕ್ಷಮಿಸಮ್ಮ ಅನ್ನೋರು. ಡಾಕ್ಟರಿಗೆ ತೋರ್ಸಿ ಅಂದೆ. ಗಂಡಸರ ತೊಂದರೆ ಇರ್ಬೇಕು, ಹಬ್ಬ ಆಗ್ಲಿ, ನಮ್ಮಕ್ಕಂಗೆ ಹೇಳ್ಬೇಡ, ಅವಳಿಗೆ ಕೈ ಸಾಲ್ದು ಅಂತಿದ್ರು."

"ಪಾಕ?"

"ಯಾವ ಪಾಕ?"

ಇಬ್ಬರೂ ಅದೇ ಪ್ರಶ್ನೆ ಕೇಳುತ್ತಾರೆ.

ನವೆಂಬರ್ 5, ಮಂಗಳವಾರ

ಬೆಳಿಗ್ಗೆ ಕಣ್ಣು ಬಿಟ್ಟ. "ಟಾಫಿ ಒಡೆದಾಯ್ತಾ?" ಎಂದು ಕೇಳಿದ. ಹೊರಗೆ ಹೋಗಿ ನಿಂತು ಬಂದೆ.

ಟಾಫಿಯನ್ನೆಲ್ಲ ಮ್ಯೂರಿಯಲ್ ಮಾರುತ್ತಿದ್ದಾಳೆ. ಬೋಟಿಯ ಪಕ್ಕದಲ್ಲೇ ಇಟ್ಟಿರುತ್ತಾಳೆ. ಇಡಲಿ.

ಡಾಕ್ಟರು ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಇತ್ತಾ?"

"ಇಲ್ಲ. ಅಪ್ಪ ಚಳಿಜ್ವರದಲ್ಲಿ ಹೋದ. ಡಾಕ್ಟರು ಬೇಡ ಅಂದ, ನಾವೂ ಕರೀಲಿಲ್ಲ."

ಹಾಗಂದು ಬಸ್ಸು ಹತ್ತಿದೆ. ಅರ್ಧ ದಾರಿಗೆ ಬಂದಾಗ ನೆನಪಾಯಿತು. ಅಪ್ಪನಿಗೂ ಬಾಯಾರಿಕೆಯಿತ್ತು. ಮಹಡಿಗೆ ನೀರಿನ ಹೂಜಿ ಹೊತ್ತವಳು ನಾನೇ, ಇಳಿಸಿ ತಿರುಗುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಮದುವೆಯ ಉಂಗುರ ಬೆರಳಿನಿಂದ ಜಾರಿ ಬಿದ್ದು ಹಾಸಿಗೆಯಲ್ಲಿ ಹುಡುಕಿದ್ದೆವು. ಉಸಿರು ದೊಡ್ಡದಾಗಿ, ಆಳವಾಗಿ ಬರುತ್ತಿತ್ತು. ಪೇರ್ ಡ್ರಾಪ್ ವಾಸನೆ ಹೊತ್ತು ಬರುತ್ತಿತ್ತು.

ರಕ್ತಕ್ಕೆ ಇಳಿದದ್ದು ಕಸುಬಲ್ಲ.

ಇಷ್ಟು ವರ್ಷ ಪ್ರತಿ ಸಲ ಆ ಬಾಟಲಿ ತೆರೆದಾಗ ಅಪ್ಪ ಬಂದ ಎಂದುಕೊಂಡು ಒಂದು ಕ್ಷಣ ಹಿತವಾಗಿ ನಿಲ್ಲುತ್ತಿದ್ದೆ. ಬಸ್ಸಿನ ಕಿಟಕಿಯಾಚೆ ಎಲ್ಲ ಕಡೆ ಬೆಂಕಿ ಉರಿಯುತ್ತಿತ್ತು, ಮಕ್ಕಳು ಕುಣಿಯುತ್ತಿದ್ದರು. ನನ್ನ ನಿಲ್ದಾಣ ದಾಟಿ ಹೋಗಿತ್ತು.

ನವೆಂಬರ್ 12, ಮಂಗಳವಾರ

ಮನೆಗೆ ಕರೆತಂದೆ. ದಾರಿಯುದ್ದಕ್ಕೂ ತಮಾಷೆ ಮಾಡಿಕೊಂಡೇ ಬಂದ. "ಮಿಠಾಯಿ ಮಾಡೋನಿಗೆ ಮಿಠಾಯಿ ಬೇಡ ಅಂತೆ. ಈಜು ಕಲ್ಸೋನಿಗೆ ನೀರು ಬೇಡ ಅಂದಂಗೆ."

ಬೀಗದ ವಿಷಯ ಅವನು ಎತ್ತಲಿಲ್ಲ. ಜೂದಾಸ ಎಂದದ್ದನ್ನೂ ಎತ್ತಲಿಲ್ಲ. ಹೊಸ ಬೀಗದ ಇನ್ನೊಂದು ಕೀಲಿಯನ್ನು ಅವನ ಗಂಜಿ ಬಟ್ಟಲಿನ ಪಕ್ಕದಲ್ಲಿಟ್ಟೆ. ತೆಗೆದು ಜೇಬಿಗೆ ಹಾಕಿಕೊಂಡ. ನಾನು ಒಲೆಯ ಕಡೆ ತಿರುಗಿದೆ.

ಅವನಿಗೆ ದಿನವೂ ಚುಚ್ಚಿಕೊಳ್ಳಲು ಸೂಜಿ ಕೊಟ್ಟಿದ್ದಾರೆ, ರಕ್ತ ನೋಡಲು ಯಂತ್ರವನ್ನೂ ಕೊಟ್ಟಿದ್ದಾರೆ. ಆ ಯಂತ್ರದ ಮೇಲೆ ನನಗೆ ನಂಬಿಕೆಯಿಲ್ಲ. ಅವನ ಮೇಲಂತೂ ಮೊದಲೇ ಇಲ್ಲ. ಮೈಗೆ ಏನಾದರೂ ಆದರೆ ಮುಚ್ಚಿಡುವವನು. ಹೀಗಾಗಿ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮುಖದ ಮೇಲೆ ಊದಬೇಕೆಂದು ಕಟ್ಟುನಿಟ್ಟು ಮಾಡಿದ್ದೇನೆ.

"ಪೊಲೀಸ್ನೋರು ಕುಡುಕರನ್ನ ಹಿಡಿದಂಗಾಯ್ತಲ್ಲಕ್ಕ."

"ಊದೋ ಅಂದ್ರೆ ಊದು."

ನವೆಂಬರ್ 20, ಬುಧವಾರ

ಗಿರಾಕಿಗಳ ಕಾಟ. ಕಾಕಂಬಿ ತಿಂಗಳು ಮುಗಿಯಿತಲ್ಲ, ಪೇರ್ ಡ್ರಾಪ್ ಎಲ್ಲಿ ಎಂದು ದಿನವೂ ಕೇಳುತ್ತಾರೆ. ಕ್ರಿಸ್ಮಸ್ಸಿಗೆ ಮಗನಿಗೆ ಕಳಿಸಬೇಕು, ಆಸ್ಪತ್ರೆಯಲ್ಲಿರುವ ಅಮ್ಮನಿಗೆ ಒಂದಾದರೂ ಬಾಯಿಗಿಡಬೇಕು ಎನ್ನುತ್ತಾರೆ. ಎಸೆನ್ಸ್ ಸಿಗುತ್ತಿಲ್ಲ ಎಂದು ಸುಳ್ಳು ಹೇಳುತ್ತಿದ್ದೇನೆ.

ವಿಲ್ಫ್ ನಿಲ್ಲುವಷ್ಟು ಗಟ್ಟಿಯಾಗಿದ್ದಾನೆ. "ಶುರು ಮಾಡೋಣ್ವಾ? ನನ್ನ ಗುಲಾಬಿ ಕೈ ತುರಿಸ್ತಿದೆ," ಎಂದ. ಬೇಡ ಎಂದೆ. ಯಾಕೆ ಎಂದ. ನನ್ನಿಷ್ಟ ಎಂದೆ.

ಒಲೆಯ ಮೇಲೆ ಪೇರ್ ಡ್ರಾಪ್ ಕುದಿಯುತ್ತಿದ್ದರೆ ಗೋಡೆ, ಕೋಟು, ಕೂದಲು ಎಲ್ಲದರಲ್ಲೂ ಅದೇ ಇರುತ್ತದೆ. ಆಮೇಲೆ ಅವನ ಉಸಿರಿನಲ್ಲಿ ಅದು ಬಂದರೆ ನನಗೆ ಹೇಗೆ ತಿಳಿಯಬೇಕು? ಅಪ್ಪನ ಕಾಲದಲ್ಲಿ ಮನೆತುಂಬ ಆ ವಾಸನೆಯಿತ್ತು, ಅದಕ್ಕೇ ಅದು ಕಾಯಿಲೆಯೆಂದು ಯಾರಿಗೂ ತಿಳಿಯಲಿಲ್ಲ.

ಮಾರುಕಟ್ಟೆ ಮುಚ್ಚಿದ ಮೇಲೆ ರಸ್ತೆ ದಾಟಿ ಪಿಪ್ಪಾಳ ಅಂಗಡಿಗೆ ಹೋದೆ.

"ಹಳದಿ ಹಿಡೀತೀಯೋ, ಗುಲಾಬಿ ಹಿಡೀತೀಯೋ?" ಅಂದೆ.

ಅವಳು ಬಾಯಿ ತೆರೆದುಕೊಂಡು ನಿಂತಳು.

"ಬಾಯಿ ಮುಚ್ಕೋ, ಹ್ಯಾಟು ತೆಗಿ, ತೋಳು ಮಡಚು. ಒಂದ್ಸಲ ತೋರಿಸ್ತೀನಿ, ಎರಡನೇ ಸಲಕ್ಕೆ ಬೈತೀನಿ."

ನವೆಂಬರ್ 29, ಶುಕ್ರವಾರ

ಹುಡುಗಿಯ ಕೈ ಪರವಾಗಿಲ್ಲ. ಬಿಸಿಗೆ ಹೆದರುತ್ತಾಳೆ, ಆದರೆ ಬಿಟ್ಟು ಓಡುವುದಿಲ್ಲ. ಮೊದಲ ಎರಡು ಕೊಪ್ಪರಿಗೆ ಹಾಳು. ಇವತ್ತಿನದರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡೆ. ಹದ ಬಂದಿದೆ. ಅಲ್ಲಿ ನಿಂತು ಹೆಚ್ಚು ಹೊತ್ತು ಚೀಪಲಾಗಲಿಲ್ಲ, ಉಗಿದುಬಿಟ್ಟೆ. ಅವಳು ಕಂಗಾಲಾದಳು. 'ಚೆನ್ನಾಗಿದೆ ಕಣೆ' ಎಂದು ಹೇಳಬೇಕಾಯಿತು. ಇನ್ನು ಮೇಲೆ ಕೇಳಿದವರನ್ನೆಲ್ಲ ಅವಳ ಅಂಗಡಿಗೇ ಅಟ್ಟುತ್ತೇನೆ.

ಅಲ್ಲಿಂದ ಹಾಗೇ ಮನೆಗೆ ಬರುವ ಹಾಗಿಲ್ಲ. ವಾಸನೆ ಮನೆ ಸೇರಬಾರದು. ಆ ಕೋಟನ್ನು ಮ್ಯೂರಿಯಲ್‌ಳ ಮಳಿಗೆಯಲ್ಲಿ ನೇತುಹಾಕಿ, ಅವಳ ಹಳೆಯ ಕೋಟು ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬರುತ್ತೇನೆ. ಮ್ಯೂರಿಯಲ್ ನಗುತ್ತಾಳೆ, "ಈಗ ಕದ್ದು ಓಡಾಡೋಳು ನೀನಾದೆಯಲ್ಲೇ." ನಗಲಿ.

ವಿಲ್ಫ್‌ಗೆ ಅನುಮಾನ ಬಂದಿದೆ. ರಾತ್ರಿ ಗಂಜಿ ತಿನ್ನುತ್ತಾ ನನ್ನನ್ನೇ ನೋಡುತ್ತಿದ್ದ.

"ದಿನಾ ಸಂಜೆ ಎಲ್ಲಿಗೆ ಹೋಗ್ತೀಯಕ್ಕ?"

"ಗಾಳಿ ತಗೊಳ್ಳೋಕೆ."

"ಬೋಟಿ ನಾತ ಹೊಡೀತಿದೀಯ. ನಿಜ ಹೇಳು, ಆ ಹುಡುಗಿಗೆ ಪಾಕ ಹೇಳ್ಕೊಟ್ಯಾ?"

"ಕೊಟ್ಟೆ. ಏನೀಗ?"

ಚಮಚ ಇಟ್ಟುಬಿಟ್ಟ. "ನೀನಾ? ಯಾಕೆ?"

"ತಲೆಹರಟೆ ಸಾಕು. ಸೂಜಿ ಚುಚ್ಕೊಂಡ್ಯಾ? ಬಾ ಇಲ್ಲಿ. ಊದು."

"ಬೆಳಿಗ್ಗೆ ಊದಿದ್ನಲ್ಲಕ್ಕ."

"ಬೆಳಿಗ್ಗೆದು ಬೆಳಿಗ್ಗೆಗೆ."

ಊದಿದ. ಓಟ್ಸ್, ಚಹಾ, ಸ್ವಲ್ಪ ಈರುಳ್ಳಿ. ಮತ್ತೊಂದು ಸಲ ಊದಿಸಿದೆ. ಬೇರೇನೂ ಇಲ್ಲ. ಇವತ್ತಿಗೆ ಬಿಟ್ಟಿದ್ದೇನೆ. ನಾಳೆ ಮತ್ತೆ ನೋಡಬೇಕು, ಆಸಾಮಿಯನ್ನು ನಂಬುವ ಹಾಗಿಲ್ಲ.